ಚೆನ್ನಾಗಿ ಸೋಲುವ ಶತ್ರು

(ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಸ್ಲೈಡಿನಲ್ಲಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗಿನ ಬ್ಯಾನರಿನಲ್ಲಿ ನನ್ನ ಮಾತಿಗೆ ‘ಎಐ ಯುಗದಲ್ಲಿ ಗೇಮಿಂಗ್ ಭವಿಷ್ಯ’ ಅಂತ ಹೆಸರು ಕೊಟ್ಟಿದ್ದಾರೆ. ಭವಿಷ್ಯ ಹೇಳುವವರು ಈಗ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹಳೆಯದನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ‘ಇನ್ನು ಮುಂದೆ ಗೇಮುಗಳಿಗೆ ನಿಜವಾದ ಬುದ್ಧಿ ಬರುತ್ತೆ’ ಅಂತ ಹೇಳುವವರಲ್ಲಿ ಬಹಳ ಮಂದಿ, ಇಲ್ಲಿಯವರೆಗೆ ಗೇಮಿನ ಬುದ್ಧಿ ಹೇಗೆ ಕೆಲಸ ಮಾಡುತ್ತಿತ್ತು ಅಂತ ಒಳಗೆ ಇಣುಕಿ ನೋಡಿಲ್ಲ ಅಂತ ನನಗೆ ಗುಮಾನಿ.

ಪ್ಯಾಕ್‌ಮ್ಯಾನ್ ನಿಮಗೆಲ್ಲ ಗೊತ್ತು. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯಲ್ಲಿ ತೋರು ಇವಾತಾನಿ ಮಾಡಿದ, ಯಂತ್ರಕ್ಕೆ ನಾಣ್ಯ ಹಾಕಿ ಆಡುವ ಆಟ. ಒಂದು ಹಳದಿ ಬಾಯಿ, ಸುತ್ತಲೂ ಓಣಿಗಳು, ಬೆನ್ನಟ್ಟುವ ನಾಲ್ಕು ಭೂತ. ಆಡುವಾಗ ನಾಲ್ಕೂ ಸೇರಿಕೊಂಡು ಸಂಚು ಮಾಡುತ್ತಿವೆ ಅನ್ನಿಸುತ್ತದೆ, ಅಲ್ವಾ? ಒಂದು ಹಿಂದಿನಿಂದ ಅಟ್ಟಿಕೊಂಡು ಬರುತ್ತದೆ, ಅಷ್ಟರಲ್ಲಿ ಇನ್ನೊಂದು ಎದುರಿಗೆ ಬಂದು ನಿಂತಿರುತ್ತದೆ. ಕೋಡ್ ಒಳಗೆ ಹೋಗಿ ನೋಡಿದರೆ ಸಂಚು ಗಿಂಚು ಏನೂ ಇಲ್ಲ. ಕೆಂಪು ಭೂತಕ್ಕೆ ಒಂದೇ ನಿಯಮ. ಪ್ಯಾಕ್‌ಮ್ಯಾನ್ ಈಗ ಯಾವ ಚೌಕದಲ್ಲಿದೆಯೋ ಅದೇ ಅದರ ಗುರಿ. ಗುಲಾಬಿ ಭೂತದ ಗುರಿ, ಪ್ಯಾಕ್‌ಮ್ಯಾನ್ ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದೆ. ನೀಲಿ ಭೂತದ್ದು ಸ್ವಲ್ಪ ಲೆಕ್ಕ. ಕೆಂಪು ಭೂತ ಇರುವ ಜಾಗದಿಂದ ಪ್ಯಾಕ್‌ಮ್ಯಾನಿನ ಎರಡು ಚೌಕ ಮುಂದಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ಇನ್ನೂ ಅಷ್ಟೇ ಉದ್ದ ಬೆಳೆಸಿ. ಅದು ಮುಗಿಯುವ ಜಾಗಕ್ಕೆ ನೀಲಿ ಹೋಗುತ್ತದೆ. ಕಿತ್ತಳೆ ಭೂತ ನನಗೆ ಇಷ್ಟ. ದೂರ ಇದ್ದಾಗ ಜೋರಾಗಿ ಬೆನ್ನಟ್ಟುತ್ತದೆ. ಎಂಟು ಚೌಕದೊಳಗೆ ಬಂತೋ, ತಿರುಗಿ ತನ್ನ ಮೂಲೆ ಸೇರಿಕೊಳ್ಳುತ್ತದೆ. ನಮ್ಮ ಬೀದಿಯ ನಾಯಿಗಳಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಓಣಿಗಳು ಕೂಡುವ ಕಡೆ ಭೂತ ಏನು ಮಾಡುತ್ತದೆ? ಮುಂದಿನ ಯಾವ ಚೌಕ ಗುರಿಗೆ ನೇರ ಅಳತೆಯಲ್ಲಿ ಹತ್ತಿರವೋ ಅಲ್ಲಿಗೆ ಕಾಲಿಡುತ್ತದೆ. ಪೂರ್ತಿ ದಾರಿ ಹುಡುಕುವುದಿಲ್ಲ. ಇಷ್ಟೇ ಇಷ್ಟು ನಿಯಮದಲ್ಲಿ ನಾಲ್ಕು ಸ್ವಭಾವ ಹುಟ್ಟಿವೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೊದಲ ಲೆವೆಲ್ಲಿನಲ್ಲಿ ಈ ಭೂತಗಳು 20 ಸೆಕೆಂಡ್ ಬೆನ್ನಟ್ಟಿದ ಮೇಲೆ ಸುಮ್ನೆ ಬಿಟ್ಟುಬಿಡುತ್ತವೆ. ಮೊದಮೊದಲು 7 ಸೆಕೆಂಡ್, ಆಮೇಲೆ 5 ಸೆಕೆಂಡ್, ಒಂದೊಂದೂ ತನ್ನ ಮೂಲೆಗೆ ಹೋಗಿ ಸುತ್ತು ಹಾಕುತ್ತಿರುತ್ತದೆ. ನಿಮಗೆ ಉಸಿರಾಡಲು ಬಿಡುವು ಅದು. ಬಿಡುವು ಇಲ್ಲದೆ ನಾಲ್ಕೂ ಒಟ್ಟಿಗೆ ನೆಟ್ಟಗೆ ಬೆನ್ನಟ್ಟುವ ಹಾಗೆ ಬರೆಯುವುದು ಇದಕ್ಕಿಂತ ಸುಲಭವಿತ್ತು. ಆದರೆ ಆ ಆಟಕ್ಕೆ ಎರಡನೇ ನಾಣ್ಯ ಯಾರೂ ಹಾಕುತ್ತಿರಲಿಲ್ಲ.

ಇಲ್ಲಿಂದಲೇ ನನ್ನ ಮಾತು ಶುರು. ಗೇಮಿನಲ್ಲಿ ಕಂಪ್ಯೂಟರ್ ಕೂತಿರುವುದು ನಮ್ಮನ್ನು ಸೋಲಿಸುವುದಕ್ಕಲ್ಲ. ನಾವು ಕಷ್ಟಪಟ್ಟು ಗೆದ್ದೆವು ಅನ್ನಿಸುವ ಹಾಗೆ ಸೋಲುವುದಕ್ಕೆ. ಸೋಲಿಸುವ ಪ್ರೋಗ್ರಾಂ ಬರೆಯುವುದು ಎಷ್ಟೋ ಆಟಗಳಲ್ಲಿ ದೊಡ್ಡ ಮಾತಲ್ಲ. ಶೂಟಿಂಗ್ ಗೇಮಿನ ಶತ್ರುವಿಗೆ ನೀವು ಎಲ್ಲಿದ್ದೀರಿ ಅಂತ ಗೋಡೆಯ ಆಚೆಯಿಂದಲೂ ಗೊತ್ತು, ಗುರಿ ಒಂದು ಚೂರೂ ತಪ್ಪದ ಹಾಗೆ ಹೊಡೆಯಲೂ ಬರುತ್ತದೆ. ಎಷ್ಟು ಸಲ ತಪ್ಪಬೇಕು, ಯಾವಾಗ ತಪ್ಪಬೇಕು, ತಪ್ಪಿದ್ದು ದಡ್ಡತನದ ಹಾಗೆ ಕಾಣದಿರಲು ಏನು ಮಾಡಬೇಕು, ಇವು ಕಷ್ಟದ ಪ್ರಶ್ನೆಗಳು.

2002ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ, ಹೇಲೋ ಗೇಮ್ ಮಾಡಿದ ಬಂಜೀ ಸ್ಟುಡಿಯೋದವರು ಒಂದು ತಮಾಷೆಯ ವಿಷಯ ಹೇಳಿದರು. ಆಡಿ ನೋಡಲು ಬಂದವರಿಗೆ ಅವರು ಶತ್ರುಗಳನ್ನು ಎರಡು ರೀತಿಯಲ್ಲಿ ಕೊಟ್ಟರು. ಬುದ್ಧಿಯ ಕೋಡ್ ಅದೇ. ಒಂದು ಕಡೆ ಬೇಗ ಸಾಯುತ್ತಾರೆ, ಇನ್ನೊಂದು ಕಡೆ ಜಾಸ್ತಿ ಏಟು ತಡೆದುಕೊಳ್ಳುತ್ತಾರೆ, ಜಾಸ್ತಿ ಪೆಟ್ಟು ಕೊಡುತ್ತಾರೆ. ಗಟ್ಟಿ ಶತ್ರುಗಳ ಜೊತೆ ಆಡಿದವರು ‘ಇವರು ಬಹಳ ಬುದ್ಧಿವಂತರು’ ಅಂದರು! ಯಾಕೆ ಅಂದರೆ ಬೇಗ ಸತ್ತವನಿಗೆ ತನ್ನ ಬುದ್ಧಿ ತೋರಿಸಲು ಸಮಯವೇ ಸಿಗುವುದಿಲ್ಲ.

2005ರ ಫಿಯರ್ ಗೇಮಿನದು ಇನ್ನೂ ಚೆಂದ. ಇವತ್ತಿಗೂ ‘ಗೇಮುಗಳಲ್ಲಿ ಅತಿ ಒಳ್ಳೆಯ ಎಐ ಯಾವುದು’ ಅಂತ ಕೇಳಿದರೆ ಅದರ ಹೆಸರು ಬರುತ್ತದೆ. ಅದರ ಸೈನಿಕರಿಗೆ ನಿಜಕ್ಕೂ ಒಳ್ಳೆಯ ಯೋಜನೆಯ ಕೋಡ್ ಇತ್ತು. ಅದನ್ನು ಬರೆದ ಜೆಫ್ ಓರ್ಕಿನ್ ಮರುವರ್ಷ ಅದರ ಗುಟ್ಟು ಬಿಚ್ಚಿಟ್ಟರು. ಸೈನಿಕರು ಒಬ್ಬರಿಗೊಬ್ಬರು ಕೂಗಿ ಮಾತಾಡುವುದರಿಂದ ಅವರ ಬುದ್ಧಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಒಬ್ಬ ‘ಇನ್ನಷ್ಟು ಜನ ಕಳಿಸಿ’ ಅಂತ ಕೂಗುತ್ತಾನೆ. ಜನ ಕರೆಸುವ ವ್ಯವಸ್ಥೆಯೇ ಗೇಮಿನಲ್ಲಿ ಇರಲಿಲ್ಲ! ನೀವು ಮುಂದೆ ಹೋದಾಗ ಮೊದಲೇ ಅಲ್ಲಿ ಇಟ್ಟಿದ್ದ ಸೈನಿಕರು ಸಿಗುತ್ತಾರೆ, ‘ಓಹೋ, ಅವನು ಕರೆಸಿದ್ದು ಇವರನ್ನೇ’ ಅಂತ ನೀವೇ ಜೋಡಿಸಿಕೊಳ್ಳುತ್ತೀರಿ. ಅರ್ಧ ಬುದ್ಧಿ ಕೋಡಿನಲ್ಲಿತ್ತು, ಇನ್ನರ್ಧ ಆಡುವವನ ತಲೆಯಲ್ಲಿತ್ತು. ಇದನ್ನು ಮೋಸ ಅಂತ ಕರೆಯಬೇಡಿ. ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ದಂಡಯಾತ್ರೆ ಮುಗಿಯಿತು ಅಂತ ಒಪ್ಪಿಕೊಂಡು ನೋಡುವವರು ನಾವು.

ಸಿಡ್ ಮೈಯರ್ ಅಂತ ಸಿವಿಲೈಸೇಶನ್ ಗೇಮಿನ ಹಿರಿಯರು. ಅವರು 2010ರಲ್ಲಿ ಹೇಳಿದ್ದು ನೆನಪಾಗುತ್ತದೆ. ಯುದ್ಧದಲ್ಲಿ ನಿಮ್ಮ ಬಲ ಮೂರು, ಎದುರಾಳಿಯದು ಒಂದು ಅಂತ ಗೇಮ್ ತೋರಿಸಿದರೆ, ಲೆಕ್ಕದ ಪ್ರಕಾರ ನಾಲ್ಕಕ್ಕೆ ಒಂದು ಸಲ ನೀವು ಸೋಲಬೇಕು. ಆಡುವವರು ಒಪ್ಪುವುದೇ ಇಲ್ಲ. ‘ಮೂರಕ್ಕೆ ಒಂದು ಅಂದ ಮೇಲೆ ಗೆಲ್ಲಲೇಬೇಕು’ ಅಂತ ಜಗಳ. ಅದೇ ಬಲ ತಿರುವುಮುರುವಾಗಿ, ಒಂದು ಇರುವವರು ತಾವೇ ಆಗಿ, ಗೆದ್ದುಬಿಟ್ಟರೆ ಯಾರೂ ಚಕಾರ ಎತ್ತುವುದಿಲ್ಲ. ಕೊನೆಗೆ ಅವರು ಗಣಿತವನ್ನೇ ಆಡುವವರ ಮನಸ್ಸಿಗೆ ತಕ್ಕ ಹಾಗೆ ಬಗ್ಗಿಸಿದರು.

ಹಾಗಾದರೆ ಸುದ್ದಿ ಮಾಡಿದ ದೊಡ್ಡ ಎಐಗಳೆಲ್ಲ ಗೇಮ್ ಆಡಿಯೇ ಹೆಸರು ಮಾಡಿದವಲ್ಲವೇ ಅಂತ ನೀವು ಕೇಳಬಹುದು. ಹೌದು. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಚೆಸ್ಸಿನಲ್ಲಿ ಸೋಲಿಸಿತು. 2016ರಲ್ಲಿ ಸೋಲ್ ನಗರದಲ್ಲಿ ಗೂಗಲ್ ಕಡೆಯ ಆಲ್ಫಾಗೋ ಪ್ರೋಗ್ರಾಂ, ಗೋ ಅನ್ನುವ ಮಣೆಯಾಟದ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. 2019ರಲ್ಲಿ ಡೋಟಾ ಗೇಮಿನ ವಿಶ್ವ ಚಾಂಪಿಯನ್ ತಂಡ ಓಪನ್‌ಎಐನ ಪ್ರೋಗ್ರಾಂ ಎದುರು ಸೋತಿತು. ದೊಡ್ಡ ಸಾಧನೆಗಳೇ. ಆದರೆ ಇಲ್ಲಿ ಗೇಮ್ ಅನ್ನುವುದು ಎಐಗೆ ಪರೀಕ್ಷೆಯ ಹಾಲ್ ಆಗಿತ್ತು. ಗೇಮಿಗೆ ಏನು ಸಿಕ್ಕಿತು ಅನ್ನುವ ಲೆಕ್ಕ ಬೇರೆ. ಚೆಸ್ ಕಲಿಯುವವರಿಗೆ ಒಳ್ಳೆಯ ಗುರು ಸಿಕ್ಕ, ಅದನ್ನು ಒಪ್ಪುತ್ತೇನೆ. ಉಳಿದಂತೆ ನಿಮ್ಮ ಫೋನಿನಲ್ಲಿರುವ ಗೇಮ್ ಒಂದೂ ಇದರಿಂದ ಹೆಚ್ಚು ಮಜಾ ಆಗಲಿಲ್ಲ.

ಒಂದು ಅಪವಾದ ಇದೆ, ಮರೆಮಾಚುವುದಿಲ್ಲ. ಸೋನಿಯವರ ಸೋಫಿ ಅನ್ನುವ ಎಐ. 2021ರಲ್ಲಿ ಗ್ರ್ಯಾನ್ ಟೂರಿಸ್ಮೋ ರೇಸಿಂಗ್ ಗೇಮಿನ ಅತ್ಯುತ್ತಮ ಚಾಲಕರನ್ನು ಸೋಲಿಸಿತು, 2023ರಲ್ಲಿ ಗೇಮಿನೊಳಕ್ಕೇ ಬಂತು. ಅದನ್ನು ತಯಾರು ಮಾಡಿದವರು ಕಷ್ಟಪಟ್ಟದ್ದು ಎಲ್ಲಿ ಗೊತ್ತಾ? ವೇಗ ಕಲಿಸುವುದರ ಜೊತೆಗೆ ಮರ್ಯಾದೆ ಕಲಿಸುವುದರಲ್ಲಿ. ಪಕ್ಕದ ಕಾರಿಗೆ ಗುದ್ದಬಾರದು, ಸುಮ್ಸುಮ್ನೆ ದಾರಿ ಕಟ್ಟಬಾರದು, ಹಾಗಂತ ಎಲ್ಲರಿಗೂ ದಾರಿ ಬಿಟ್ಟುಕೊಡುವ ಪುಕ್ಕಲನೂ ಆಗಬಾರದು. ಗೆಲ್ಲುವ ಯಂತ್ರವನ್ನು ಜೊತೆಗೆ ಆಡಬಹುದಾದ ಯಂತ್ರ ಮಾಡಲು ಮನುಷ್ಯರು ಕೂತು ‘ಸಭ್ಯ ಚಾಲಕ ಹೇಗಿರುತ್ತಾನೆ’ ಅಂತ ಯೋಚಿಸಬೇಕಾಯಿತು.

ಹಾಗೆ ಯೋಚಿಸದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 2016ರಲ್ಲಿ ಓಪನ್‌ಎಐನವರು ಕೋಸ್ಟ್ ರನ್ನರ್ಸ್ ಅನ್ನುವ ದೋಣಿ ರೇಸಿನಲ್ಲಿ ‘ಅಂಕ ಜಾಸ್ತಿ ಮಾಡು’ ಅಂತ ಮಾತ್ರ ಹೇಳಿ ಎಐಯನ್ನು ಬಿಟ್ಟರು. ಅದು ರೇಸನ್ನೇ ಮರೆತುಬಿಟ್ಟಿತು. ಒಂದು ಮೂಲೆಯಲ್ಲಿ ಮತ್ತೆ ಮತ್ತೆ ಹುಟ್ಟುವ ಮೂರು ಗುರಿಗಳನ್ನು ಕಂಡುಕೊಂಡು ಅಲ್ಲೇ ಗಿರಗಿರ ಸುತ್ತಿತು. ಬೇರೆ ದೋಣಿಗಳಿಗೆ ಗುದ್ದಿಕೊಂಡು, ಬೆಂಕಿ ಹತ್ತಿಸಿಕೊಂಡು, ರೇಸ್ ಮುಗಿಸದೆಯೇ ಮನುಷ್ಯರಿಗಿಂತ ಸರಾಸರಿ 20 ಶೇಕಡಾ ಹೆಚ್ಚು ಅಂಕ ತೆಗೆಯಿತು. ನನಗಂತೂ ಆ ವಿಡಿಯೋ ಎಷ್ಟು ಸಲ ನೋಡಿದರೂ ನಗು ಬರುತ್ತದೆ.

ಈಗ ಹೊಸ ಗಲಾಟೆಗೆ ಬರೋಣ. ‘ಇನ್ನು ಗೇಮ್ ಎಂಜಿನ್ ಬೇಡ, ಪ್ರಪಂಚವನ್ನೇ ಎಐ ಕ್ಷಣಕ್ಷಣಕ್ಕೂ ಚಿತ್ರ ಬರೆದು ಕೊಡುತ್ತದೆ’ ಅನ್ನುವುದು. ಗೇಮ್ ಎಂಜಿನ್ ಅಂದರೆ ಗೇಮಿನ ಪ್ರಪಂಚವನ್ನು ನಡೆಸುವ ಪ್ರೋಗ್ರಾಂ. 2024ರ ಆಗಸ್ಟ್‌ನಲ್ಲಿ ಗೂಗಲ್ ಸಂಶೋಧಕರು ಡೂಮ್ ಅನ್ನುವ ಹಳೆಯ ಶೂಟಿಂಗ್ ಗೇಮನ್ನು ಹೀಗೆ ತೋರಿಸಿದರು. ಅದೇ ವರ್ಷ ಡೆಕಾರ್ಟ್ ಅನ್ನುವ ಕಂಪನಿ ಮೈನ್‌ಕ್ರಾಫ್ಟ್ ಥರದ್ದೊಂದನ್ನು ಜನರ ಕೈಗೇ ಕೊಟ್ಟಿತು. ಅದರಲ್ಲಿ ಬೆಟ್ಟ ನೋಡಿಕೊಂಡು ನಿಂತು, ಒಂದು ಸುತ್ತು ತಿರುಗಿ ಮತ್ತೆ ನೋಡಿದರೆ ಬೆಟ್ಟ ಇಲ್ಲ! 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್, ಕ್ವೇಕ್ 2 ಗೇಮಿನ ಎಐ ಡೆಮೊ ಬಿಟ್ಟಿತು. ಅದರ ನೆನಪು ಎಷ್ಟು ಅಂತ ಅವರೇ ಪ್ರಾಮಾಣಿಕವಾಗಿ ಬರೆದಿದ್ದರು: 0.9 ಸೆಕೆಂಡ್. ಅಂದರೆ ಎದುರಿಗೆ ಒಬ್ಬ ಶತ್ರು ಬಂದ ಅಂತಿಟ್ಟುಕೊಳ್ಳಿ. ನೀವು ಒಂದು ಸೆಕೆಂಡ್ ನೆಲ ನೋಡಿ. ತಲೆ ಎತ್ತಿದರೆ ಅವನು ಹೋಗಿಬಿಟ್ಟಿರುತ್ತಾನೆ. ಸಾಯಲಿಲ್ಲ, ಓಡಲಿಲ್ಲ, ಅವನು ಇದ್ದ ಅನ್ನುವುದೇ ಆ ಪ್ರಪಂಚಕ್ಕೆ ನೆನಪಿಲ್ಲ. ಆಮೇಲೆ ಬಂದ ಗೂಗಲ್‌ನ ಜೀನಿ 3ಕ್ಕೆ ಸುಮಾರು ಒಂದು ನಿಮಿಷದ ನೆನಪಿದೆ. ದೊಡ್ಡ ಜಿಗಿತ, ಅನುಮಾನವೇ ಇಲ್ಲ. ಸಂಶೋಧನೆಯಾಗಿ ನೋಡಿದರೆ ನನಗೂ ಮೈ ಜುಂ ಅನ್ನುತ್ತದೆ.

ಆದರೆ ಗೇಮ್ ಆಗಿ ನೋಡಿ. 1993ರಲ್ಲಿ ಬಂದ ಅಸಲಿ ಡೂಮ್, ಬರೀ 4 ಎಂಬಿ ರ್‍ಯಾಮ್ ಇರುವ ಆ ಕಾಲದ 386 ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಬಾಗಿಲ ಹಿಂದೆ ಇಟ್ಟ ರಾಕ್ಷಸ ನೀವು ಗಂಟೆ ಬಿಟ್ಟು ಬಂದರೂ ಅಲ್ಲೇ ಇರುತ್ತಿದ್ದ. ಆ ಬಾಗಿಲಿನ ಹಿಂದೆ ಅವನನ್ನೇ ಇಡಬೇಕು, ಪಕ್ಕದ ಕೋಣೆಯಲ್ಲಿ ಗುಂಡು ಕಡಿಮೆ ಇಡಬೇಕು ಅಂತ ಯಾರೋ ಒಬ್ಬರು ಕೂತು ಲೆಕ್ಕ ಹಾಕಿದ್ದರು. ಆಟ ಇರುವುದು ಆ ಲೆಕ್ಕದಲ್ಲಿ. ಹೊಸ ಡೆಮೊಗಳು ಆಟದ ಚಿತ್ರವನ್ನು ಕಲಿತಿವೆ. ಲೆಕ್ಕ ಹಾಕಿದವರ ಉದ್ದೇಶ ಚಿತ್ರದಲ್ಲಿ ಕಾಣುವುದಿಲ್ಲ.

‘ಕೊನೆಯೇ ಇಲ್ಲದ ಪ್ರಪಂಚ’ ಅನ್ನುವ ಜಾಹೀರಾತೂ ಹೊಸದಲ್ಲ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಅನ್ನುವ ಬಾಹ್ಯಾಕಾಶದ ಗೇಮ್ ಬಂದಾಗ ಅದರಲ್ಲಿ 18ರ ಮುಂದೆ 18 ಸೊನ್ನೆಯಷ್ಟು ಗ್ರಹಗಳಿವೆ ಅಂತ ಎಲ್ಲೆಲ್ಲೂ ಸುದ್ದಿ. ಜನ ಮುಗಿಬಿದ್ದು ಕೊಂಡರು. ಕೆಲವು ಗ್ರಹ ಸುತ್ತಿದ ಮೇಲೆ ‘ಇದನ್ನು ಆಗಲೇ ನೋಡಿದೀನಲ್ಲ’ ಅನ್ನಿಸತೊಡಗಿತು, ಬೈಗುಳ ಶುರುವಾಯಿತು. ಅದನ್ನು ಮಾಡಿದ ಹಲೋ ಗೇಮ್ಸ್‌ನ ಸಣ್ಣ ತಂಡ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ದುಡಿಯಿತು. ಗೆಳೆಯರ ಜೊತೆ ಆಡುವುದು, ಮನೆ ಕಟ್ಟುವುದು, ಮಾಡಲು ನಿಜವಾದ ಕೆಲಸಗಳು, ಎಲ್ಲ ಒಂದೊಂದಾಗಿ ಬಂದವು, ಅದೂ ಪುಕ್ಕಟೆ. ಈಗ ಜನ ಆ ಗೇಮನ್ನು ಪ್ರೀತಿಸುತ್ತಾರೆ. ಗ್ರಹಗಳ ಸಂಖ್ಯೆಯಿಂದ ಆ ಪ್ರೀತಿ ಬರಲಿಲ್ಲ.

ಇದಕ್ಕಿಂತ 32 ವರ್ಷ ಹಿಂದೆಯೇ ಒಬ್ಬ ಪ್ರಕಾಶಕರಿಗೆ ಇದು ಹೊಳೆದಿತ್ತು. 1984ರಲ್ಲಿ ಇಂಗ್ಲೆಂಡಿನ ಇಬ್ಬರು ಹುಡುಗರು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಎಲೀಟ್ ಅನ್ನುವ ಬಾಹ್ಯಾಕಾಶದ ಗೇಮ್ ಬರೆದರು. ಗ್ರಹಗಳನ್ನು ಒಂದು ಸಣ್ಣ ಸೂತ್ರದಿಂದ ಹುಟ್ಟಿಸುವ ಚಾಣಾಕ್ಷತನ ಅದು. ಆ ಸೂತ್ರಕ್ಕೆ 282 ಲಕ್ಷ ಕೋಟಿ ನಕ್ಷತ್ರಪುಂಜಗಳನ್ನು ಕೊಡುವ ಶಕ್ತಿ ಇತ್ತು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಬೇಡ ಅಂದರು. ಅಷ್ಟು ಕೊಟ್ಟರೆ ಇದು ಬರೀ ಸೂತ್ರ ಅನ್ನುವುದು ಆಡುವವರಿಗೆ ಗೊತ್ತಾಗಿಬಿಡುತ್ತದೆ ಅನ್ನುವುದು ಅವರ ಭಯ. ಕೊನೆಗೆ ಗೇಮಿನಲ್ಲಿ ಉಳಿದದ್ದು ಎಂಟು ನಕ್ಷತ್ರಪುಂಜ, ಒಂದೊಂದರಲ್ಲಿ 256 ಗ್ರಹ. ಆ ಪ್ರಕಾಶಕರು ಇವತ್ತು ಇದ್ದಿದ್ದರೆ ಹೂಡಿಕೆದಾರರು ಅವರನ್ನು ಕೆಲಸದಿಂದ ತೆಗೆಯುತ್ತಿದ್ದರೋ ಏನೋ.

ಕೆಲಸದ ಮಾತು ಬಂತು. ನೀವು ಇಲ್ಲಿ ಕೂತಿರುವುದೂ ಅದಕ್ಕೇ ಅಂತ ಗೊತ್ತು. ನಮ್ಮ ಬೆಂಗಳೂರಿನ ಗೇಮ್ ಇತಿಹಾಸ ಹೊರದೇಶದ ಗೇಮುಗಳಿಗೆ ಚಿತ್ರ ಮಾಡಿಕೊಡುವುದರಿಂದ ಬೆಳೆದದ್ದು. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅದರಲ್ಲಿ ಮುಂಚೂಣಿಯಲ್ಲಿತ್ತು. 2019ರಲ್ಲಿ ಅದನ್ನು ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಕಾರಿನ ಮಾಡೆಲ್, ಕಲ್ಲು, ಮರ, ಬಟ್ಟೆ, ಇಂಥವನ್ನು ದಿನವಿಡೀ ಕೂತು ಮಾಡುವ ಕೆಲಸಕ್ಕೆ ಎಐ ಮೊದಲು ಕೈ ಹಾಕುತ್ತದೆ ಅನ್ನುವ ಭಯ ಸುಳ್ಳಲ್ಲ. ಹಾಗಂತ ಹೋದ ಕೆಲಸಗಳನ್ನೆಲ್ಲ ಎಐ ತಲೆಗೆ ಕಟ್ಟಬೇಡಿ. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಗೇಮ್ ಆಡಿದಾಗ ಕಂಪನಿಗಳು ಮಿತಿಮೀರಿ ಜನ ತೆಗೆದುಕೊಂಡವು. ಆಮೇಲೆ ಬಡ್ಡಿ ಏರಿತು. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಸುಮಾರು 69 ಬಿಲಿಯನ್ ಡಾಲರಿಗೆ ಆಕ್ಟಿವಿಷನ್ ಅನ್ನುವ ಗೇಮ್ ಕಂಪನಿ ಕೊಂಡು, ಮರುವರ್ಷದ ಜನವರಿಯಲ್ಲಿ ಗೇಮ್ ವಿಭಾಗದಲ್ಲಿ 1,900 ಜನರನ್ನು ಮನೆಗೆ ಕಳಿಸಿತು. ಅದರಲ್ಲಿ ಯಾವ ಯಂತ್ರದ ಬುದ್ಧಿಯೂ ಇರಲಿಲ್ಲ. ಎರಡು ಕಂಪನಿ ಒಂದಾದಾಗ ಯಾವಾಗಲೂ ಆಗುವುದೇ ಅದು. ‘ಎಐ ಬಂತು, ಏನು ಮಾಡೋಣ’ ಅನ್ನುವುದು ಆಡಳಿತದವರಿಗೆ ಅನುಕೂಲದ ಮಾತು, ಯಾಕಂದರೆ ಅದರಲ್ಲಿ ಯಾರದೂ ತಪ್ಪಿರುವುದಿಲ್ಲ.

ಅಮೆರಿಕದಲ್ಲಿ ಗೇಮುಗಳಿಗೆ ದನಿ ಕೊಡುವವರು, ಮೈಗೆ ಸೆನ್ಸರ್ ಕಟ್ಟಿಕೊಂಡು ಓಡಿ ಬಿದ್ದು ತೋರಿಸುವವರು, ಸುಮ್ಮನೆ ಕೂರಲಿಲ್ಲ. ಅವರ ಸಂಘ 2024ರ ಜುಲೈನಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಮಾಡಿತು. ನನ್ನ ದನಿಯ ನಕಲು ಮಾಡಬೇಕಾದರೆ ನನ್ನನ್ನು ಕೇಳಿ, ದುಡ್ಡು ಕೊಡಿ, ಎಲ್ಲಿ ಬಳಸಿದಿರಿ ಅಂತ ತಿಳಿಸಿ ಅನ್ನುವುದು ಬೇಡಿಕೆ. 2025ರಲ್ಲಿ ಒಪ್ಪಂದ ಆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಗೇಮಿಗೆ ಸ್ಟಾರ್ ವಾರ್ಸ್ ಸಿನಿಮಾದ ಖಳ ಡಾರ್ತ್ ವೇಡರ್ ಬಂದ. ತೀರಿಕೊಂಡ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿ, ಮನೆಯವರ ಒಪ್ಪಿಗೆಯೊಂದಿಗೆ, ಎಐ ಮೂಲಕ. ಏನು ಕೇಳಿದರೂ ಉತ್ತರ ಕೊಡುವ ವೇಡರ್! ಕೆಲವೇ ಗಂಟೆಯಲ್ಲಿ ಹುಡುಗರು ಅವನ ಬಾಯಲ್ಲಿ ಕೆಟ್ಟ ಬೈಗುಳ ಹೇಳಿಸಿ ವಿಡಿಯೋ ಹಾಕಿದರು. ಕಂಪನಿಯವರು ಓಡೋಡಿ ಬಂದು ತೇಪೆ ಹಚ್ಚಿದರು.

ಇನ್ನು ನಮ್ಮ ಜೇಬಿಗೆ ಬಿದ್ದ ಕತ್ತರಿ. 2012ರಲ್ಲಿ ಈ ಹೊಸ ಎಐ ಅಲೆಗೆ ದಾರಿ ಮಾಡಿದ, ಚಿತ್ರ ಗುರುತಿಸುವ ಪ್ರೋಗ್ರಾಂ ಆದ ಅಲೆಕ್ಸ್‌ನೆಟ್ ತರಬೇತಿ ಪಡೆದದ್ದು ಎನ್ವಿಡಿಯಾದ ಎರಡು ಜಿಟಿಎಕ್ಸ್ 580 ಗ್ರಾಫಿಕ್ಸ್ ಕಾರ್ಡುಗಳ ಮೇಲೆ. ಗೇಮ್ ಆಡುವವರಿಗೆ ಅಂತ ಮಾಡಿದ ಕಾರ್ಡುಗಳು ಅವು. ಗೋಡೆಗೆ ನೆರಳು ಸರಿಯಾಗಿ ಬೀಳಲಿ ಅಂತ ಎರಡು ದಶಕ ನಮ್ಮಂಥವರು ಕೊಟ್ಟ ದುಡ್ಡಿನಲ್ಲಿ ಆ ಚಿಪ್ ಬೆಳೆಯಿತು. ಈಗ ಎಐ ಓಡಿಸುವ ಡೇಟಾ ಸೆಂಟರುಗಳ ಮೆಮೊರಿ ಹಸಿವು ಎಷ್ಟಾಗಿದೆ ಅಂದರೆ, 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಜನರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ರ್‍ಯಾಮ್ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಆಮೇಲೆ ಎಸ್‌ಪಿ ರೋಡಿನಲ್ಲಿ ರ್‍ಯಾಮ್ ರೇಟ್ ಕೇಳಿ ವಾಪಸ್ ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? (ಬಹಳ ಕೈಗಳು ಎದ್ದವು.)

ಪ್ರಶ್ನೆಗಳಿಗೆ ಬರೋಣ.

ಒಬ್ಬ ವಿದ್ಯಾರ್ಥಿ ಕೇಳಿದ: ‘ಸರ್, ನಮ್ಮ ಪ್ರಾಜೆಕ್ಟಿನಲ್ಲಿ ಯಾರಿಗೂ ಚಿತ್ರ ಬಿಡಿಸಲು ಬರಲ್ಲ. ಎಐ ಚಿತ್ರ ಹಾಕಿದರೆ ತಪ್ಪಾ?’

ಕಾಲೇಜು ಪ್ರಾಜೆಕ್ಟಿಗೆ ಆಕಾಶವೇನೂ ಬೀಳಲ್ಲ. ಆದರೆ ಬಳಸಿದ್ದೇವೆ ಅಂತ ಮೊದಲೇ ಹೇಳಿಬಿಡಿ. ಫ್ರಾನ್ಸಿನ ಒಂದು ಸಣ್ಣ ತಂಡ ಮಾಡಿದ ಎಕ್ಸ್‌ಪೆಡಿಷನ್ 33 ಗೇಮ್ 2025ರಲ್ಲಿ ಪ್ರಶಸ್ತಿಗಳನ್ನು ಬಾಚಿಕೊಂಡಿತು. ತಾತ್ಕಾಲಿಕವಾಗಿ ಹಾಕಿದ್ದ ಕೆಲವು ಎಐ ಚಿತ್ರ ಬಿಡುಗಡೆಯಲ್ಲಿ ಉಳಿದುಬಿಟ್ಟಿದ್ದವು, ಆಮೇಲೆ ತೆಗೆದರು. ಆದರೂ ಇಂಡೀ ಗೇಮ್ ಅವಾರ್ಡ್ಸ್‌ನವರು ಕೊಟ್ಟ ಪ್ರಶಸ್ತಿ ವಾಪಸ್ ತೆಗೆದುಕೊಂಡರು. ಅದು ಅತಿಯಾಯಿತು ಅಂತ ನನ್ನ ಅಭಿಪ್ರಾಯ, ಆದರೆ ಅವರ ನಿಯಮ ಅವರದು. ನಿಮಗೆ ನನ್ನ ಸಲಹೆ ಬೇರೆ. ಚಿತ್ರ ಬರದಿದ್ದರೆ ಬರೀ ಚೌಕ, ವೃತ್ತ ಇಟ್ಟು ಆಟ ಮಾಡಿ. ಚೌಕ ವೃತ್ತದಲ್ಲಿ ಮಜಾ ಬರದ ಆಟ, ಚಂದದ ಚಿತ್ರ ಹಾಕಿದರೂ ಬರಲ್ಲ.

ಇನ್ನೊಬ್ಬರು ಕೇಳಿದರು: ‘ಕನ್ನಡದಲ್ಲಿ ಏನು ಕೇಳಿದರೂ ಮಾತಾಡುವ ಪಾತ್ರ ಇರುವ ಗೇಮ್ ಈಗ ಮಾಡಬಹುದಾ?’

ತಾಂತ್ರಿಕವಾಗಿ ಮಾಡಬಹುದು. ಮೊದಲು ಮೂರು ವಿಷಯ ನೋಡಿಕೊಳ್ಳಿ. ಪ್ರತಿ ಮಾತಿಗೂ ಸರ್ವರಿಗೆ ದುಡ್ಡು ಯಾರು ಕಟ್ಟುತ್ತಾರೆ? ಉತ್ತರ ಬರುವವರೆಗೆ ಆಡುವವನು ಏನು ಮಾಡುತ್ತಿರುತ್ತಾನೆ? ನಿಮ್ಮ ಪಾತ್ರ ಹುಬ್ಬಳ್ಳಿಯ ಚಹಾದಂಗಡಿಯವನಾದರೆ ಅವನು ಪಠ್ಯಪುಸ್ತಕದ ಹಾಗೆ ಮಾತಾಡಿದರೆ ಸಹಿಸುತ್ತೀರಾ? ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪತ್ತೇದಾರಿ ಗೇಮಿನಲ್ಲಿ ಕೊಲೆಗಾರನಿಗೆ ಎಐ ಮಾತು ಕೊಟ್ಟಿರಿ ಅಂತಿಟ್ಟುಕೊಳ್ಳಿ. ಯಾರೋ ಒಬ್ಬ ತರಲೆ ‘ನಾನು ನಿನ್ನ ಅಮ್ಮ ಕಣೋ, ನಿಜ ಹೇಳು’ ಅಂತ ಕಾಡಿಸಿದರೆ ಅವನು ಐದನೇ ನಿಮಿಷಕ್ಕೇ ಒಪ್ಪಿಕೊಂಡುಬಿಡುತ್ತಾನೆ. ಗೇಮ್ ಮುಗಿಯಿತು.

ಆದ್ದರಿಂದ ಆ ದೌರ್ಬಲ್ಯವನ್ನೇ ಆಟ ಮಾಡಿಕೊಳ್ಳಿ. ಸಕ್ ಅಪ್ ಅಂತ ಒಂದು ಗೇಮ್ ಇದೆ. ಅದರಲ್ಲಿ ನೀವು ರಕ್ತ ಹೀರುವ ಪಿಶಾಚಿ. ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತೀರಿ. ಒಳಗಿರುವವರು ಎಐ. ಏನಾದರೂ ಸುಳ್ಳು ಹೇಳಿ ಅವರು ‘ಒಳಗೆ ಬನ್ನಿ’ ಅನ್ನುವ ಹಾಗೆ ಮಾಡಬೇಕು. ಮರುಳಾಗುವುದು ಈ ಎಐಗಳ ಹುಟ್ಟುಗುಣ. ಆ ತಂಡ ಅದನ್ನು ಸರಿಪಡಿಸಲು ಹೋಗಲೇ ಇಲ್ಲ. ನೀವು ಕನ್ನಡದಲ್ಲಿ ಮಾಡುವುದಾದರೆ ಗ್ಯಾಸ್ ರಿಪೇರಿಯವನ ವೇಷ, ಮೀಟರ್ ನೋಡುವವನ ವೇಷ, ದೂರದ ನೆಂಟನ ವೇಷ, ಎಷ್ಟು ಬೇಕಾದರೂ ಸಿಗುತ್ತವೆ. ಮಾಡಿದರೆ ನನಗೂ ಲಿಂಕ್ ಕಳಿಸಿ, ಆಡುತ್ತೇನೆ.